ಸಣ್ಣ ಕಾಡತೂಸಿನ ಗಂಟೆ

ದೀಪ ಹಚ್ಚುವ ಹೊತ್ತಿಗೆ ನಮ್ಮೂರ ಮೇಲೆ ಮಂಜು ಇಳಿಯುತ್ತದೆ. ಕೊಳ್ಳದ ಆಚೆಯ ಬಂಡೆಗೆ ತೂಗುಬಿದ್ದಿರುವ ಗಂಟೆಗೆ ಬೆಳಿಗ್ಗೆ ಮೂರು ಗುಂಡು ತಾಗುವವರೆಗೂ ಅದು ಏಳುವುದಿಲ್ಲ. ಮೂರೂ ಒಂದೇ ನಾದದೊಳಗೆ ತಾಗಬೇಕು. ಮೊದಲ ಪೆಟ್ಟಿನ ಗುಂಯ್ ಅನ್ನುವ ಸದ್ದು ಅಡಗುವ ಮುಂಚೆ ಉಳಿದೆರಡೂ ಬಿದ್ದಿರಬೇಕು. ತಡವಾದರೆ ಮತ್ತೆ ಮೊದಲಿನಿಂದ. ಆ ಗುಂಡು ಹಾರಿಸುವ ಕೆಲಸ ನನ್ನದು. ನನಗಿಂತ ಮುಂಚೆ ನನ್ನ ಸೋದರತ್ತೆ ತಿರಕವ್ವ ಹಾರಿಸುತ್ತಿದ್ದಳು. ಭುಜ ಹಿಡಿದುಕೊಂಡು ಕೈ ಎತ್ತಲಾಗದಂತಾದಾಗ ಆಕೆ ರೈಫಲನ್ನು ತಂದು ನನ್ನ ತೊಡೆಯ ಮೇಲಿಟ್ಟು, "ನಿಂಬೆವ್ವಾ, ಊರಿಗೆ ಬೆಳಕು ಮಾಡೂದು ಇನ್ನ ನಿನ್ನ ಪಾಲು" ಅಂದಿದ್ದಳು.

ಅದು ಒಂದು ಗುಂಡು ಹಾರಿದೊಡನೆ ಇನ್ನೊಂದನ್ನು ತಾನೇ ಎಳೆದುಕೊಳ್ಳುವ ರೈಫಲು. ಒಂದೊಂದೇ ತುಂಬುವ ಬಂದೂಕಾದರೆ ಎರಡನೆಯದನ್ನು ತುರುಕುವಷ್ಟರಲ್ಲಿ ನಾದ ಸತ್ತಿರುತ್ತದೆ. ಮಂಜಿನಲ್ಲಿ ಗಂಟೆ ಕಾಣುವುದಿಲ್ಲ ನಿಜ. ಅದಕ್ಕೇ ಕೊಳ್ಳದ ಅಂಚಿನ ಕಟ್ಟೆಯ ಮೇಲೆ ಒಂದು ಕಲ್ಲಿದೆ, ಕಲ್ಲಿನಲ್ಲಿ ಗಂಟೆಯ ನೇರಕ್ಕೆ ಒಂದು ತೋಡು ಕೊರೆದಿದೆ. ರೈಫಲನ್ನು ಅದರಲ್ಲಿ ಮಲಗಿಸಿ, ಉಸಿರು ಹಿಡಿದು ಕುದುರೆ ಎಳೆದರಾಯಿತು. ಮೂರನೆಯ ಪೆಟ್ಟು ಕೇಳಿದ್ದೇ ತಡ, ಊರಿನ ಬಾಗಿಲುಗಳು ತೆರೆಯುತ್ತವೆ, ಅಂಗಳಗಳಲ್ಲಿ ಮೆಣಸಿನಕಾಯಿ ಹರವುತ್ತಾರೆ, ಘಟ್ಟದ ತಲೆಯಲ್ಲಿ ಕಾಯುತ್ತಿರುವ ಬಸ್ಸಿನ ಚಾಲಕ ಕೀಲಿ ತಿರುಗಿಸುತ್ತಾನೆ. ಅದಕ್ಕಿಂತ ಮುಂಚೆ ಹೊರಗೆ ಹೋಗಲೇಬೇಕಾದವರು ಮನೆಯಿಂದ ಮನೆಗೆ ಕಟ್ಟಿರುವ ಹಗ್ಗ ಹಿಡಿದು ನಡೆಯುತ್ತಾರೆ. ಎದುರು ಬಂದವರು "ಎಡಕ್ಕ", "ಬಲಕ್ಕ" ಅಂತ ಕೂಗಿಕೊಳ್ಳುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರಿಗೆ ಅತ್ತೆಯಂದಿರು ಮೊದಲು ಕಲಿಸುವುದೇ ಹಗ್ಗದ ಗಂಟುಗಳನ್ನು. ಒಂದು ಗಂಟು ಬಾವಿ, ಎರಡು ಗಂಟು ಗಿರಣಿ.

ಆ ರೈಫಲಿಗೆ ಹಾಕುವ ಕಾಡತೂಸು ಮಾಡುತ್ತಿದ್ದ ಕಾರ್ಖಾನೆ ಅದನ್ನು ನಿಲ್ಲಿಸಿಬಿಟ್ಟಿದೆ ಅನ್ನುವ ಸುದ್ದಿ ಬಂದಾಗ ಚೇರ್ಮನ್ ವಿರೂಪಾಕ್ಷಗೌಡರು ಚಾವಡಿಯಲ್ಲಿ ಸಭೆ ಕರೆದರು. ಇದ್ದ ಕಾಡತೂಸನ್ನು ಸಂತೆಯ ದಿನಕ್ಕೆ ಮಾತ್ರ ಹಾರಿಸಬೇಕೆಂದು ಗೊತ್ತಾಯಿತು. ಉಳಿದ ದಿನ ಮಂಜು. ಎರಡು ತಿಂಗಳು ಹಾಗೆಯೇ ಹೋಯಿತು. ಒಗೆದ ಬಟ್ಟೆ ಒಣಗಲಿಲ್ಲ. ಗೋಡೆ ಬೆವೆತವು. ಕೂಸುಗಳು ಕೆಮ್ಮತೊಡಗಿದವು. ಕೊನೆಗೆ ಗೌಡರು ಎದ್ದುನಿಂತು ಎಲ್ಲರ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದರು.

"ಬಯಲಸೀಮ್ಯಾಗ ಜಾಗಾ ಕೇಳೇನಿ. ಕೊಡ್ತಾರ. ಕಡೀ ಕಾಡತೂಸು ಹಾರಿದ ದಿನ ಊರು ಬಿಡೂಣು. ಬ್ಯಾರೆ ದಾರಿ ಯಾರಿಗರೆ ಹೊಳದ್ರ ಹೇಳ್ರಿ."

ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಹೊಳೆದದ್ದು ಅದಾದ ವಾರ, ಶಾಲೆಯ ಉಗ್ರಾಣ ಖಾಲಿ ಮಾಡಲು ನಾವು ನಾಲ್ಕು ಹೆಣ್ಣುಮಕ್ಕಳು ಹೋದಾಗ. ಬೆಂಚುಗಳ ಹಿಂದೆ ಪೆಟ್ಟಿಗೆಗಳಿದ್ದವು. ಹಿಂದೆ ಶಾಲೆಯಲ್ಲಿ ಕೆಡೆಟ್ ಪಡೆ ಇದ್ದಾಗ ಗುರಿ ಕಲಿಸಲು ತರಿಸಿದ್ದ ಸಣ್ಣ ಕಾಡತೂಸುಗಳು. ಕಿರುಬೆರಳಿನ ಉಗುರಿನಷ್ಟು ದಪ್ಪ, ಅಷ್ಟೇ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಾಲುವಷ್ಟು. ಇವು ಇನ್ನೂ ಪೇಟೆಯಲ್ಲೂ ಸಿಗುತ್ತವೆ. ಪಕ್ಕದಲ್ಲಿ ಅವುಗಳನ್ನು ಹಾರಿಸುವ ಒಂದೇ ಒಂದು ಹಳೆಯ ಬಂದೂಕು ಉಳಿದಿತ್ತು. ಅದೂ ಒಂದೊಂದೇ ತುಂಬುವಂಥದ್ದು. ನಾನು ಒಂದು ಹಿಡಿ ಕಾಡತೂಸನ್ನು ಸೆರಗಿಗೆ ಕಟ್ಟಿಕೊಂಡು, ಹಗ್ಗ ಹಿಡಿದು ನೇರ ದಾವಲಸಾಬನ ವರ್ಕ್‌ಶಾಪಿಗೆ ನಡೆದೆ.

ದಾವಲಸಾಬ ಪಂಪುಸೆಟ್ಟು, ಗಿರಣಿ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ರೈಫಲಿನ ರಿಪೇರಿಗೂ ಊರಿನಿಂದ ಪರವಾನಗಿ ಇದ್ದದ್ದು ಅವನೊಬ್ಬನಿಗೇ. ಹೆಂಡತಿ ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿಬಿಟ್ಟಿದ್ದ. ನಾನು ಹೋದಾಗ ಕಬ್ಬಿಣ ಕಡೆಯುವ ಲೇತು ಯಂತ್ರಕ್ಕೆ ಗ್ರೀಸು ಬಳಿದು ತಾಡಪತ್ರಿ ಸುತ್ತುತ್ತಿದ್ದ.

"ಇದನ್ಯಾಕ ಸುತ್ತಾಕತ್ತಿ ಕಾಕಾ?"

"ಮಾರಿಬಿಟ್ಟೇನವ್ವಾ. ಮಂಜು ಎದ್ದ ದಿನ ಲಾರಿ ಬರ್ತೈತಿ. ಬಯಲಸೀಮಿಗೆ ಹೋಗಿ ಈ ವಯಸ್ಸಿನ್ಯಾಗ ಯಾವ ಅಂಗಡಿ ಇಡ್ಲಿ?"

ನಾನು ಸೆರಗು ಬಿಚ್ಚಿ ಕಾಡತೂಸುಗಳನ್ನು ಬೆಂಚಿನ ಮೇಲೆ ಸುರುವಿದೆ. "ನಮ್ಮ ರೈಫಲ್ ಇವನ್ನ ತಿನ್ನುವಂಗ ಮಾಡಾಕ ಬರ್ತೈತೇನು?"

ಅವನು ಒಂದನ್ನು ಎತ್ತಿ ಬುಡ ನೋಡಿದ. ನಕ್ಕ. "ಆನಿ ಹೊಟ್ಟಿಗೆ ಸಾಸಿವಿ ಹಾಕ್ತೀನಿ ಅಂದಂಗಾತು. ದೊಡ್ಡ ಕಾಡತೂಸಿಗೆ ನಡು ಬುಡಕ್ಕ ಪೆಟ್ಟು ಬೀಳಬೇಕು. ಇದಕ್ಕ ಅಂಚಿಗೆ ಬೀಳಬೇಕು. ಇದರ ಗುಂಡು ನಮ್ಮ ನಳಿಗ್ಯಾಗ ಗುಳುಗುಳು ಅಂತ ಉರುಳಾಡ್ತೈತಿ. ಅದೂ ಹೋಗ್ಲಿ. ಹಾರಿದ್ದನ್ನ ಒಗದು ಹೊಸಾ ಕಾಡತೂಸು ಎಳಕೊಳ್ಳೂ ನಮ್ಮ ರೈಫಲಿನ ಬೋಲ್ಟು ಕೈಯಾಗ ಹಿಡದು ನೋಡೀಯಿಲ್ಲ? ಅಷ್ಟು ಭಾರದ್ದನ್ನ ಹಿಂದಕ್ಕ ಒದಿಯೂ ಕಸುವು ಈ ಸಣ್ಣ ಮದ್ದಿಗೆಲ್ಲೈತಿ? ಒಂದು ಹಾರ್ತೈತಿ, ಎರಡನೇದು ಬರೂದಿಲ್ಲ."

"ಬೋಲ್ಟು ಹಗುರ ಮಾಡಿದ್ರ?"

ಅವನು ಕಾಡತೂಸನ್ನು ಬೆರಳುಗಳ ನಡುವೆ ಉರುಳಿಸುತ್ತ ನಿಂತ. ಆಮೇಲೆ ತಾಡಪತ್ರಿಯ ಒಂದು ಮೂಲೆಯನ್ನು ಎತ್ತಿ, ಅದು ತಾನೇ ಜಾರಿ ಬೀಳುವಂತೆ ಬಿಟ್ಟ.

"ಶಾಲಿ ಬಂದೂಕಿನ ನಳಿಗಿ ತಗದು ನಮ್ಮದರೊಳಗ ಕೂಡಿಸಬೇಕಾಗ್ತೈತಿ," ಅಂದ. "ಒಮ್ಮೆ ಕೊಯ್ದ್ರ ಕೊಯ್ದಂಗ. ಅದೂ ಹೋಗಿ ಇದೂ ಹೋತಂದ್ರ ಊರು ನಮ್ಮಿಬ್ಬರನ್ನೂ ಕೊಳ್ಳಕ್ಕ ನೂಕ್ತೈತಿ."

"ನೂಕಲಿ. ಹೆಂಗೂ ಹೋಗೂದ ಐತಿ."

ರೈಫಲು ಊರಿನ ಹೆಸರಿನಲ್ಲಿತ್ತು. ಹಾಗಾಗಿ ಗೌಡರ ಒಪ್ಪಿಗೆ ಬೇಕಿತ್ತು. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಊರು ಬಿಡುವುದೆಂದು ಒಮ್ಮೆ ಮನಸ್ಸು ಗಟ್ಟಿ ಮಾಡಿಕೊಂಡವರಿಗೆ ಮತ್ತೆ ಆಸೆ ಹುಟ್ಟಿಸಿದರೆ ಸಿಟ್ಟು ಬರುತ್ತದೆ. ಹಣೆ ತಿಕ್ಕಿಕೊಂಡು, "ಮಾಡ್ರಿ. ಆದ್ರ ರೈಫಲಿನ ಹಳೇ ಸಾಮಾನು ಒಂದೂ ಕೆಡಬಾರದು. ನಮ್ಮ ಕಡೀ ಕಾಡತೂಸು ಅದರಾಗ ಹಾರಬೇಕು. ಮತ್ತ ಬರೂ ಸಂತಿಗೆ ಮಂಜು ಎಬ್ಬಿಸೂದು ತಪ್ಪಬಾರದು" ಅಂದರು.

ತಪ್ಪಿತು. ತಪ್ಪಿಸಿದವಳು ನಾನೇ. ಆಗ ನನ್ನ ಬಳಿ ಉಳಿದಿದ್ದ ದೊಡ್ಡ ಕಾಡತೂಸು ಒಂದೇ ಒಂದು ಬೆಳಗಿಗೆ ಸಾಲುವಷ್ಟು. ಸಂತೆಯ ದಿನ ಬಂದಾಗ ಲೇತಿನ ಮೇಲೆ ಹೊಸ ಬೋಲ್ಟಿನ ಕೆಲಸ ಅರ್ಧಕ್ಕೆ ನಿಂತಿತ್ತು. ಮಂಜು ಎದ್ದರೆ ಲಾರಿ ಬರುತ್ತದೆ, ಲಾರಿ ಬಂದರೆ ಲೇತು ಹೋಗುತ್ತದೆ. ಲಾರಿಯವರಿಗೆ ಹೇಳಿ ಕಳಿಸೋಣವೆಂದರೆ ಮಂಜಿನಲ್ಲಿ ಘಟ್ಟ ಇಳಿಯುವವರು ಯಾರು? ಬೆಳಿಗ್ಗೆ ಕಟ್ಟೆಯ ಮೇಲೆ ಕೂತೆ, ರೈಫಲನ್ನು ತೋಡಿನಲ್ಲಿ ಮಲಗಿಸಿದೆ, ಹಿಂದೆ ಊರು ಕೆಮ್ಮುತ್ತ ಕಾಯುತ್ತಿದ್ದುದು ಕೇಳಿಸುತ್ತಿತ್ತು. ಆಮೇಲೆ ರೈಫಲನ್ನು ಎತ್ತಿಕೊಂಡು ಎದ್ದುಬಿಟ್ಟೆ.

"ಯಾಕ? ಏನಾತು?" ಗೌಡರ ದನಿ ಮಂಜಿನೊಳಗಿಂದ ಬಂತು.

"ಇವತ್ತು ಹಾರಸೂದಿಲ್ರಿ. ಕೆಲಸ ಮುಗಿಯೂತನಕ ಹಾರಸೂದಿಲ್ಲ."

"ಊರಿನ ಕಾಡತೂಸು ಬಚ್ಚಿಡಾಕ ನೀ ಯಾರು?"

"ಅದನ್ನ ಹಾರಸಾಕಿ."

ಅಂದು ಜನ ನನಗೆ ಅಂದದ್ದನ್ನೆಲ್ಲ ಇಲ್ಲಿ ಹೇಳಲಾರೆ. ಮುಖ ಕಾಣದಿದ್ದಾಗ ನಾಲಿಗೆಗೆ ಲಂಗುಲಗಾಮು ಇರುವುದಿಲ್ಲ. ಹಾಲು ಹಾಕುವವಳು ನಮ್ಮ ಮನೆಯ ಗಂಟನ್ನು ದಾಟಿ ಮುಂದೆ ಹೋದಳು. ನನ್ನ ಗಂಡ ಚನ್ನವೀರ ಮಾತ್ರ ಎದುರಿಗೇ ಕೂತು ಹೇಳಿದ. ಅವನ ಮೆಣಸಿನಕಾಯಿ ಒಳಮನೆಯಲ್ಲಿ ರಾಶಿ ಬಿದ್ದಿತ್ತು, ಒಂದು ಬಿಸಿಲು ಕಂಡರೆ ಸಾಕಿತ್ತು.

"ಬೂಸಲು ಹಿಡದಾವು ನೋಡು ಇವು. ವರ್ಷದ ಬೆಳಿ. ನಿನ್ನ ಹಟಕ್ಕ ಇವನ್ನ ಕೊಳ್ಳಕ್ಕ ಚೆಲ್ಲಲೇನು?"

"ನಾಲ್ಕು ದಿನ ತಡಿ."

"ಆ ಸಾಬಗ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಅವಗೇನು ಹೋಗ್ತೈತಿ? ಆಗಲಿಲ್ಲ ಅಂದ್ರ?"

ಬೂಸಲು ಹಿಡಿದ ಕಾಯಿಗಳನ್ನು ಆರಿಸಿ ಬೇರೆ ಮಾಡಿ, ಒಲೆಯ ಮೇಲೆ ಕಟ್ಟಿದ್ದ ತಟ್ಟಿಯಲ್ಲಿ ಉಳಿದವನ್ನು ಹರವಿ, ವರ್ಕ್‌ಶಾಪಿಗೆ ಹೋದೆ.

ಅಲ್ಲಿ ಹಗಲಲ್ಲೂ ದೀಪ ಉರಿಯುತ್ತಿತ್ತು. ದಾವಲಸಾಬ ಶಾಲೆಯ ಬಂದೂಕಿನ ನಳಿಗೆಯನ್ನು ಕೊಯ್ಯುವ ಮುಂಚೆ ಒಮ್ಮೆ ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಗರಗಸ ಇಳಿಯಿತು. ಹೊಸದಾಗಿ ತರಿಸುವ ಮಾತೇ ಇರಲಿಲ್ಲ. ಇದ್ದದ್ದೆಲ್ಲ ಗುಜರಿ. ಹಾಳಾದ ಪಂಪಿನ ದಂಡ, ಹೊಲಿಗೆ ಯಂತ್ರದ ಸ್ಪ್ರಿಂಗು, ಗಿರಣಿಯ ಹಿತ್ತಾಳೆಯ ಬುಷ್ಷು. ಮೊದಲು ಮಾಡಿದ ಬೋಲ್ಟು ಭಾರವಾಯಿತು, ಹಾರಿದ ಕಾಡತೂಸಿನ ಖಾಲಿ ತೊಗಟೆಯನ್ನು ಹೊರಗೆ ಒಗೆಯಲೇ ಇಲ್ಲ. ಇನ್ನೊಂದು ತೀರ ಹಗುರವಾಗಿ, ಹೆದರಿದ ಕೋಳಿಯಂತೆ ಎಲ್ಲೆಂದರಲ್ಲಿ ಬಡಿದುಕೊಂಡಿತು. ಅದನ್ನು ನೋಡಿ ದಾವಲಸಾಬ ತನ್ನಷ್ಟಕ್ಕೆ ಬೈದುಕೊಂಡು, ಟೋಪಿ ತೆಗೆದು ಬೆಂಚಿನ ಮೇಲೆ ಬಡಿದ. ಮಾತು ಬಿಟ್ಟವನು ಬಾಯಲ್ಲಿ ಅಷ್ಟೊಂದು ಬೈಗುಳ ಕೂಡಿಟ್ಟಿದ್ದನೆಂದು ನನಗೆ ಗೊತ್ತಿರಲಿಲ್ಲ.

"ಬಿಟ್ಟುಬಿಡೂಣೇನು ಕಾಕಾ?" ನಾನು ಕೇಳಿದೆ. ಅವನ ಮನಸ್ಸು ತಿಳಿಯಲೆಂದು.

"ಬಿಡಾಕಂತ ನಾ ಈ ಕೆಲಸಕ್ಕ ಕೈ ಹಚ್ಚೇನೇನು? ಆ ತುಂಡು ಕೊಡಿಲ್ಲಿ."

ಕೊನೆಗೊಂದು ಮಧ್ಯಾಹ್ನ ಹಿತ್ತಲಿನ ಮಣ್ಣಿನ ಗೋಡೆಗೆ ಗುರಿಯಿಟ್ಟು ಹಾರಿಸಿದೆ. ಟಪ್, ಟಪ್, ಟಪ್. ದೊಡ್ಡ ಕಾಡತೂಸಿನ ಗುಡುಗೆಲ್ಲಿ, ಒದ್ದೆ ಕಟ್ಟಿಗೆ ಮುರಿದಂಥ ಈ ಸದ್ದೆಲ್ಲಿ. ಭುಜಕ್ಕೆ ಒದೆಯೂ ಇಲ್ಲ. ಆದರೆ ಮೂರೂ ಹಾರಿದ್ದವು. ಮೂರು ಪುಟ್ಟ ಹಿತ್ತಾಳೆ ತೊಗಟೆ ನನ್ನ ಪಾದದ ಬಳಿ ಬಿದ್ದಿದ್ದವು. ದಾವಲಸಾಬ ಬಗ್ಗಿ ಅವನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡ.

"ಇನ್ನ ಗುರಿ," ಅಂದ. "ಇದು ಕಸುವಿಲ್ಲದ ಗುಂಡು. ಕೊಳ್ಳ ದಾಟೂದರಾಗ ಕೆಳಗಿಳೀತೈತಿ. ಕಲ್ಲಿನ ತೋಡಿನೊಳಗ ಹಂಗ ಮಲಗಿಸಿದ್ರ ಬರೇ ಬಂಡಿಗಲ್ಲಿಗೆ ಬಡೀತೈತಿ. ಎಷ್ಟು ಮ್ಯಾಲ ಎತ್ತಬೇಕು ಅನ್ನೂದು ಕಣ್ಣಿಗೆ ಕಂಡ್ರ ಮಾತ್ರ ಗೊತ್ತಾಗ್ತೈತಿ."

ಕಣ್ಣಿಗೆ ಕಾಣಬೇಕಾದರೆ ಮಂಜು ಏಳಬೇಕು. ಮಂಜು ಏಳಬೇಕಾದರೆ ಕೊನೆಯ ಮೂರು ದೊಡ್ಡ ಕಾಡತೂಸು ಹಾರಬೇಕು. ಅವು ಹಾರಿದರೆ ಲಾರಿ ಬರುತ್ತದೆ. ಇಬ್ಬರೂ ಲೇತಿನ ಕಡೆ ನೋಡಿದೆವು.

"ಹೋಗ್ಲಿ ಬಿಡವ್ವಾ," ಅಂದ ದಾವಲಸಾಬ. "ಮಾಡೂದು ಮಾಡಿ ಮುಗಿಸೈತಿ ಅದು."

ಮರುದಿನ ಬೆಳಿಗ್ಗೆ ಹಳೆಯ ಬೋಲ್ಟು ಹಾಕಿ, ಉಳಿದ ಮೂರು ದೊಡ್ಡ ಕಾಡತೂಸನ್ನೂ ಹಾರಿಸಿದೆ. ಗಂಟೆ ಮೊಳಗಿತು, ಮಂಜು ಎದ್ದಿತು. ಬಿಸಿಲು ಬಿದ್ದದ್ದನ್ನು ನೋಡಿ ಕೆಲವರು ಅತ್ತರು. ಇನ್ನು ಕೆಲವರು ಆ ಬೆಳಕಿನಲ್ಲೇ ಗಂಟುಮೂಟೆ ಕಟ್ಟತೊಡಗಿದರು. ಎಲ್ಲ ಕಟ್ಟಿ ಮುಗಿಯುವಷ್ಟರಲ್ಲಿ ಮಂಜು ಇಳಿದಿರುತ್ತದೆ, ಮರುದಿನ ಬೆಳಿಗ್ಗೆ ಹಗ್ಗ ಹಿಡಿದಾದರೂ ಸರಿ, ನಡೆದೇ ಘಟ್ಟ ಇಳಿಯುವುದೆಂದು ಗೌಡರು ಡಂಗುರ ಸಾರಿಸಿದರು. ನಾನು ಯಾರ ಕಡೆಗೂ ನೋಡದೆ ಹೊಸ ಬೋಲ್ಟು, ಒಳನಳಿಗೆ ಕೂಡಿಸಿಕೊಂಡು ಕಟ್ಟೆಯ ಮೇಲೆ ಬೋರಲಾಗಿ ಮಲಗಿದೆ.

ಮೊದಲ ಗುಂಡು ಎಲ್ಲಿ ಹೋಯಿತೋ ಕಾಣಲಿಲ್ಲ. ಎರಡನೆಯದೂ ಕಾಣಲಿಲ್ಲ. ಹೊಗೆಯಷ್ಟೂ ಧೂಳು ಏಳದ ಗುಂಡನ್ನು ಅಷ್ಟು ದೂರದಲ್ಲಿ ನಾನೇ ಹಾರಿಸಿ ನಾನೇ ನೋಡುವುದು ಆಗದ ಮಾತು. ಆಗ ಬದಿಯಲ್ಲಿ ಯಾರೋ ಕೂತದ್ದು ತಿಳಿಯಿತು. ಚನ್ನವೀರ. ಮೆಣಸಿನಕಾಯಿಯ ಘಾಟು ಇನ್ನೂ ಅವನ ಅಂಗಿಯಲ್ಲಿತ್ತು. ಒಂದು ಕಾಯಿಯಲ್ಲಿ ಹುಳುವಿದ್ದರೆ ರಾಶಿಯ ಆ ಕಡೆಯಿಂದಲೇ ಕಂಡುಹಿಡಿಯುವ ಕಣ್ಣು ಅವನದು.

"ಹಾರಸು," ಅಂದ, ನನ್ನ ಕಡೆ ತಿರುಗದೆ.

ಹಾರಿಸಿದೆ.

"ಗಂಟಿಗಿಂತ ಒಂದಾಳು ಕೆಳಗ."

ನಳಿಗೆಯ ಕೆಳಗೆ ಒಂದು ಹಲಗೆಯ ಚೂರು ಇಟ್ಟೆ. "ಮೊಳ ಕೆಳಗ." ಇನ್ನೊಂದು ಚೂರು. "ಈಗ ಮ್ಯಾಲ ಹೋತು. ಅದನ್ನ ತಗಿ, ಇದನ್ನ ಇಡು," ಅಂತ ಸಂತೆಯಿಂದ ತಂದ ಬಳೆಯ ಡಬ್ಬಿಯ ರಟ್ಟನ್ನು ಮಡಿಸಿ ತಾನೇ ಕೈಯಾರೆ ತುರುಕಿದ. ಮುಂದಿನ ಗುಂಡಿಗೆ ಆ ಕಡೆಯ ಬಂಡೆಯಿಂದ ಟಿಣ್ ಅಂತ ಸದ್ದು ಬಂತು. ದಪ್ಪನೆಯ ಗುಂಯ್ ಅಲ್ಲ. ತೆಳ್ಳಗೆ, ಸಂಕೋಚದಿಂದ ಕರೆದಂತೆ. ಆದರೂ ನಾದ ನಿಂತಿತ್ತು, ಗಾಳಿಯಲ್ಲಿ ಎಳೆಯುತ್ತಿತ್ತು. ಹಿಂದೆ ಮೂಟೆ ಹೊರುತ್ತಿದ್ದವರು ನಿಂತರು.

"ಮೂರೂ ಹಾರಸು," ಚನ್ನವೀರ ಪಿಸುಗುಟ್ಟಿದ.

ಟಿಣ್. ಟಿಣ್. ಮೂರನೆಯದು ಬರಲಿಲ್ಲ. ಖಾಲಿ ತೊಗಟೆಯೊಂದು ಬೋಲ್ಟಿನ ಬಾಯಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಬಿಡಿಸಿ ಮತ್ತೆ ಹಾರಿಸಿದೆ, ಮತ್ತೆ ಅದೇ. ಒಮ್ಮೊಮ್ಮೆ ಮೂರೂ ಹೋಗುತ್ತಿದ್ದವು, ಒಮ್ಮೊಮ್ಮೆ ಎರಡಕ್ಕೇ ನಿಲ್ಲುತ್ತಿತ್ತು. ಹಲಗೆ, ರಟ್ಟುಗಳನ್ನು ಕದಲದಂತೆ ಅರಗಿನಿಂದ ಅಂಟಿಸಿ, ರೈಫಲನ್ನು ಎತ್ತಿಕೊಂಡು ವರ್ಕ್‌ಶಾಪಿಗೆ ಓಡಿದೆ.

ಲಾರಿ ಬಂದಾಗಿತ್ತು. ಆಳುಗಳು ಲೇತಿನ ಕೆಳಗೆ ಉರುಳುಗಂಬ ಕೊಟ್ಟು ತಳ್ಳುತ್ತಿದ್ದರು. ಸ್ವಲ್ಪ ಹೊತ್ತು ತಡೆಯಿರಪ್ಪ ಅಂದರೆ ಕೇಳುವವರಲ್ಲ, ಕತ್ತಲಾಗುವ ಮುಂಚೆ ಘಟ್ಟ ಇಳಿಯಬೇಕಿತ್ತು. ದಾವಲಸಾಬ ಅವರ ನಡುವೆಯೇ ನಿಂತು ಬೋಲ್ಟು ತಿರುಗಿಸಿ ನೋಡಿದ. ತೊಗಟೆಯನ್ನು ಹಿಡಿದೆಳೆಯುವ ಕೊಕ್ಕೆ ತುಸು ಮೊಂಡಾಗಿತ್ತು. ಅಷ್ಟೇ. ಲೇತಿದ್ದರೆ ಹೊಸದೊಂದು ಮಾಡುತ್ತಿದ್ದ. ಈಗ ಹೊಸ್ತಿಲ ಮೇಲೆ ಕೂತು, ಕಾಲ್ಬೆರಳುಗಳ ನಡುವೆ ಬೋಲ್ಟು ಹಿಡಿದು, ಅರದಿಂದ ಉಜ್ಜತೊಡಗಿದ. ಅವನ ಬೆನ್ನ ಹಿಂದೆ ಲೇತು ಹಲಗೆಯೇರಿ ಲಾರಿಗೆ ಹತ್ತಿತು. ಅವನು ತಿರುಗಿ ನೋಡಲಿಲ್ಲ. ಕೈ ಮಾತ್ರ ಒಂದು ಕ್ಷಣ ನಿಂತು ಮತ್ತೆ ಆಡಿತು. ಲಾರಿ ಹೊರಟಾಗ ಬಿಸಿಲು ಇಳಿದಿತ್ತು. ಅವನು ಉಜ್ಜುತ್ತಲೇ ಇದ್ದ. ಉಜ್ಜುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಉಜ್ಜುವುದು. ಮಂಜು ಹೊಸ್ತಿಲಿಗೆ ಬಂದಾಗ ಬೋಲ್ಟನ್ನು ನನ್ನ ಅಂಗೈಯಲ್ಲಿಟ್ಟು, "ಇನ್ನ ನನ್ನ ಕಡೆ ಏನೂ ಇಲ್ಲ" ಅಂದ.

ಬೆಳಿಗ್ಗೆ ಇಡೀ ಊರು ಕಟ್ಟೆಯ ಹಿಂದೆ ಬಂದು ನಿಂತಿತ್ತು. ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೂಟೆಗಳ ಸರಬರ, ಕೂಸುಗಳ ಕೆಮ್ಮು, ಕೋಳಿಪುಟ್ಟಿಯೊಳಗಿನ ಕೊಕ್ಕೊಕ್ಕೋ. ಗೌಡರು ಹತ್ತಿರ ಬಂದು, "ಒಂದ ಸಲ, ನಿಂಬೆವ್ವ. ಆಮ್ಯಾಲೆ ಹೊಂಡೂಣು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮಲಗಿದೆ. ನಳಿಗೆ ಹಲಗೆಯ ಮೇಲೆ ಕೂತಿದೆಯೆಂದು ಬೆರಳಿನಿಂದ ಮುಟ್ಟಿ ನೋಡಿಕೊಂಡೆ. ಮುಂದೆ ಬಿಳಿಯ ಗೋಡೆಯಲ್ಲದೆ ಏನೂ ಇಲ್ಲ. ಉಸಿರು ಹಿಡಿದು ಕುದುರೆ ಎಳೆದೆ.

ಟಿಣ್. ಟಿಣ್. ಬೋಲ್ಟು ಕಚ್ಚಿಕೊಂಡಿತು.

ಯಾರೋ ಹೆಂಗಸು "ಅಯ್ಯೋ ಶಿವನೇ" ಅಂದಳು. ನಾದ ತೆಳುವಾಗುತ್ತ ಸತ್ತಿತು. ಹಿಂದೆ ಮೂಟೆ ಎತ್ತುವ ಸದ್ದು. ಒಬ್ಬರು ಹೆಜ್ಜೆ ಇಟ್ಟರೆ ಎಲ್ಲರೂ ಇಡುತ್ತಾರೆ ಅನ್ನುವುದು ನನಗೆ ಗೊತ್ತಿತ್ತು.

"ನಿಂದರ್ರಿ!" ನಾನು ಕಿರುಚಿದೆ. ಅಂಥ ದನಿ ನನ್ನಲ್ಲಿತ್ತೆಂದು ನನಗೇ ತಿಳಿದಿರಲಿಲ್ಲ. "ಒಬ್ರೂ ಹೋಗಬ್ಯಾಡ್ರಿ. ಬಂದೂಕು ನನ್ನ ಕೈಯಾಗೈತಿ, ಕಾಡತೂಸು ಪೆಟ್ಟಿಗಿ ತುಂಬ ಐತಿ. ಹತ್ತು ಸಲ ಕಚ್ಚಿದ್ರ ಹನ್ನೊಂದನೇ ಸಲ ಹಾರಸ್ತೀನಿ. ನಿಮಗ ಹೋಗೂ ಅವಸರ ಯಾತಕ್ಕ? ಬಯಲಾಗ ನಿಮಗೇನು ಮಾವ ಹಾಸಿಗಿ ಹಾಸಿಟ್ಟಾನ?"

ಯಾರೋ ಕಿಸಕ್ಕೆಂದು ನಕ್ಕರು. ಹೆಜ್ಜೆ ನಿಂತವು. ಬದಿಯಲ್ಲಿ ದಾವಲಸಾಬನ ಉಸಿರು ಕೇಳಿತು. ಅವನು ತೊಗಟೆಯನ್ನು ಉಗುರಿನಿಂದ ಕಿತ್ತ, ಬೋಲ್ಟಿನ ಬಾಯಿಗೆ ಒಂದು ಹನಿ ಎಣ್ಣೆ ಬಿಟ್ಟ, ಎಳೆದು ಬಿಟ್ಟು ನೋಡಿದ. "ಬಡಬಡ ಎಳಿಬ್ಯಾಡ," ಅಂದ. "ಅದಕ್ಕ ಉಸಿರಾಡಾಕ ಬಿಡು. ನಾದ ಇನ್ನೂ ಇರ್ತೈತಿ."

ಹೌದು. ದೊಡ್ಡ ಕಾಡತೂಸಿನ ಅಭ್ಯಾಸಕ್ಕೆ ನಾನು ಒಂದರ ಮೇಲೊಂದು ಎಳೆಯುತ್ತಿದ್ದೆ. ಇದು ಬೇರೆ ಜೀವ. ಇದಕ್ಕೆ ಬೇರೆ ತಾಳ.

ಟಿಣ್.

ಕಿವಿಯಿಟ್ಟು ಕೇಳಿದೆ. ಬೋಲ್ಟು ಹಿಂದೆ ಹೋಯಿತು, ಮುಂದೆ ಬಂತು, ಕೂತಿತು.

ಟಿಣ್.

ನಾದ ಎಳೆ ಎಳೆಯಾಗುತ್ತಿತ್ತು. ಚನ್ನವೀರನ ಕೈ ನನ್ನ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಬೋಲ್ಟು ಕೂತ ಸದ್ದು ಬಂತು.

ಟಿಣ್.

ಒಂದು ಗಳಿಗೆ ಏನೂ ಆಗಲಿಲ್ಲ. ಅಷ್ಟು ಸಣ್ಣ ದನಿ ಮಂಜಿಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ. ಆಮೇಲೆ ಬಂಡೆಯ ತಲೆ ಕಂಡಿತು. ಬಂಡೆಯ ಕೆಳಗೆ ಗಂಟೆ, ಇನ್ನೂ ಮೆಲ್ಲಗೆ ತೂಗುತ್ತಿದ್ದ ಗಂಟೆ. ತಿರುಗಿ ನೋಡಿದರೆ ನಮ್ಮ ಊರಿನ ಜನ ಮೂಟೆಗಳನ್ನು ತಲೆಯ ಮೇಲೆ ಹೊತ್ತುಕೊಂಡು, ಕೆಳಗಿಳಿಸುವುದನ್ನೂ ಮರೆತು ನಿಂತಿದ್ದರು. ತಿರಕವ್ವತ್ತೆ ಮುಂದೆ ಬಂದು, ಗಂಟೆಯ ಕಡೆ ಕಣ್ಣು ಕಿರಿದು ಮಾಡಿ, "ದನಿ ಸಣ್ಣದಾತಲ್ಲೇ" ಅಂದಳು. ಗೌಡರು ತಮ್ಮ ಟ್ರಂಕನ್ನು ಕೆಳಗಿಟ್ಟು ಅದರ ಮೇಲೆ ಕೂತರು. "ಸಣ್ಣದಾದ್ರ ಆಗಲಿ ಬಿಡವಾ, ಬೆಳಗಾತಲ್ಲ," ಅಂದರು.

ಆಗಲೇ ಚನ್ನವೀರ ಘಟ್ಟದ ಕಡೆ ಕೈ ತೋರಿಸಿದ. ಹಿಂದಿನ ಸಂಜೆ ಹೊರಟ ಲಾರಿ ಮೊದಲ ತಿರುವಿನಲ್ಲೇ ಮಂಜಿಗೆ ಸಿಕ್ಕಿ ನಿಂತಿತ್ತು. ಮೇಲೆ ಹಸಿರು ತಾಡಪತ್ರಿ ಸುತ್ತಿದ ಲೇತು. ಬಿಸಿಲು ಕಂಡ ಚಾಲಕ ಎದ್ದು ಮೈ ಮುರಿಯುತ್ತಿದ್ದ. ದಾವಲಸಾಬ ಒಂದು ಕ್ಷಣ ನೋಡಿದ. ಆಮೇಲೆ ಲುಂಗಿ ಎತ್ತಿ ಕಟ್ಟಿ, ಟೋಪಿ ಕೈಯಲ್ಲಿ ಹಿಡಿದು ಬೀಸುತ್ತ, ಇಳಿಜಾರಿನಲ್ಲಿ ಓಡತೊಡಗಿದ.

"ಏ ಭಾಯೀ! ತಿರುಗಿಸೋ! ಮಾರೂದಿಲ್ಲ! ಹಿಂದಕ್ಕ ತಿರುಗಿಸೋ!"

ಅವನ ಹಿಂದೆ ಮೂಟೆಗಳನ್ನು ಅಲ್ಲಲ್ಲೇ ಬಿಟ್ಟು ಗಂಡಸರು ಓಡಿದರು, ಲೇತು ಇಳಿಸಲು ಕೈ ಬೇಕಲ್ಲ. ನಾನು ರೈಫಲು ಒರೆಸಿ, ಅರಗಿನಿಂದ ಅಂಟಿಸಿದ್ದ ಹಲಗೆಯ ಮೇಲೆ ಮಣ್ಣಿನ ಮುಚ್ಚಳ ಕವುಚಿ, ಮೆಣಸಿನಕಾಯಿ ಹರವಲು ಅಂಗಳಕ್ಕೆ ಹೋದೆ.